‘ನಿಂತಿದೆ’ ಎಂದರೆ ಏನರ್ಥ

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಬಟ್ಟೆ ಒಗೆಯುವ ಯಂತ್ರ ತಯಾರಿಸುವ ಆ ಕಂಪನಿಯ ಎರಡನೇ ಮಹಡಿಯಲ್ಲಿ ಎಲ್ಲರೂ ಅವನನ್ನು ಸಿಕ್ಕಣ್ಣ ಎನ್ನುತ್ತಿದ್ದರು. ಹೊಸದಾಗಿ ಸೇರಿದವರು ಕೇಳಿದ್ದು ತಪ್ಪಾಯಿತೇನೋ ಎಂದುಕೊಂಡು ಚಿಕ್ಕಣ್ಣ ಎಂದು ಕರೆದರೆ, “ಚಿಕ್ಕಣ್ಣ ಅಲ್ಲ ಮಾರಾಯ, ಸಿಕ್ಕಣ್ಣ. ಸಿಕ್ಕು ಬಿಡಿಸೋ ಅಣ್ಣ” ಎಂದು ಪಕ್ಕದವರು ತಿದ್ದುತ್ತಿದ್ದರು. ಅವನೂ ನಗುತ್ತಿದ್ದ, ಮೊದಮೊದಲು.

ಸಿಕ್ಕು ಯಾವುದು ಅಂತ ಮೊದಲು ಹೇಳಬೇಕು. ಒಗೆಯುವ ಯಂತ್ರಕ್ಕೂ ಒಂದು ಪುಟ್ಟ ಮಿದುಳು ಇರುತ್ತದೆ. ನೀರು ಯಾವಾಗ ತುಂಬಿಕೊಳ್ಳಬೇಕು, ಯಾವಾಗ ತಿರುಗಬೇಕು, ಬಾಗಿಲಿನ ಚಿಲಕ ಯಾವಾಗ ಬಿಡಬೇಕು ಎಂದೆಲ್ಲ ನಿರ್ಧರಿಸುವುದು ಅದೇ. ಆ ಕಂಪನಿಯಲ್ಲಿ ಈ ಮಿದುಳಿನ ಪ್ರೋಗ್ರಾಂ ಅನ್ನು ಯಾರೂ ಸಾಲುಸಾಲಾಗಿ ಬರೆಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಿದ್ದರು. ಒಂದೊಂದು ಸ್ಥಿತಿಗೆ ಒಂದೊಂದು ಚೌಕ. ‘ತುಂಬುತ್ತಿದೆ’ ಒಂದು, ‘ಒಗೆಯುತ್ತಿದೆ’ ಒಂದು, ‘ನಿಂತಿದೆ’ ಒಂದು. ಒಂದರಿಂದ ಇನ್ನೊಂದಕ್ಕೆ ಬಾಣ. ಈ ಚಿತ್ರಕ್ಕೆ ಮಾಡೆಲ್ ಎಂದು ಹೆಸರು. ಅದರಿಂದ ಪ್ರೋಗ್ರಾಂ ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಕೇಳುವುದಕ್ಕೆ ಚೆಂದ. ಆದರೆ ಚಿತ್ರ ಒಂದೇ, ತಿದ್ದುವವರು ಮೂರು ಗುಂಪು: ನೀರಿನವರು, ಮೋಟಾರಿನವರು, ಬಾಗಿಲಿನವರು. ಪ್ರತಿಯೊಂದು ಗುಂಪೂ ಮಾಡೆಲ್‌ನ ಒಂದು ಕಾಪಿ ತೆಗೆದುಕೊಂಡು ಹೋಗಿ, ತನಗೆ ಬೇಕಾದ ಹಾಗೆ ತಿದ್ದಿ, ಮತ್ತೆ ತಂದು ಸುರಿಯುತ್ತಿತ್ತು. ಹಾಗೆ ಬಂದ ಕಾಪಿಗಳನ್ನೆಲ್ಲ ಸೇರಿಸಿ ಪುನಃ ಒಂದು ಮಾಡೆಲ್ ಮಾಡುವುದು, ಅವರ ಮಾತಿನಲ್ಲಿ ಹೇಳುವುದಾದರೆ ಮರ್ಜ್ ಮಾಡುವುದು, ಸಿಕ್ಕಣ್ಣನ ಪಾಲಿನ ಕೆಲಸ.

ಇದಕ್ಕೆಂದೇ ಒಂದು ಸಾಫ್ಟ್‌ವೇರ್ ಇತ್ತು. ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಚರಿತ್ರೆಯನ್ನೆಲ್ಲ ಅದು ಕಾಪಾಡುತ್ತಿತ್ತು. ಇಬ್ಬರು ಒಂದೇ ಜಾಗ ಮುಟ್ಟಿದ್ದರೆ ಕೆಂಪು ತೋರಿಸುತ್ತಿತ್ತು, ಮುಟ್ಟದಿದ್ದರೆ ಹಸಿರು. ಆದರೆ ಅದಕ್ಕೆ ಕಾಣುತ್ತಿದ್ದುದು ಚಿತ್ರವಲ್ಲ, ಚಿತ್ರವನ್ನು ಉಳಿಸಿಟ್ಟ ಫೈಲಿನ ಸಾಲುಗಳು. ಒಂದು ಚೌಕವನ್ನು ಬೆರಳಿನಷ್ಟು ಪಕ್ಕಕ್ಕೆ ಸರಿಸಿದರೆ ಸಾಲುಗಳು ರಾಶಿಗಟ್ಟಲೆ ಬದಲಾಗಿ ಪರದೆಯೆಲ್ಲ ಕೆಂಪಾಗುತ್ತಿತ್ತು. ಅದೇ ಒಂದು ಚೌಕದ ಅರ್ಥವನ್ನೇ ತಿರುಗಿಸಿಬಿಟ್ಟರೆ ಒಂದೇ ಒಂದು ಸಾಲು ಬದಲಾಗಿ ಹಸಿರು ಬೆಳಗುತ್ತಿತ್ತು. “ಇದು ಅಂಚೆಯವನಿಗೆ ಬೊಗಳಿ ಕಳ್ಳನಿಗೆ ಬಾಲ ಅಲ್ಲಾಡಿಸೋ ನಾಯಿ” ಎಂದು ಸಿಕ್ಕಣ್ಣ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾಯಿ ಅವರ ಮನೆ ಬಾಗಿಲಲ್ಲಿ ಇರಲಿಲ್ಲವಲ್ಲ.

ಈ ಕೆಲಸ ಅವನು ಬಯಸಿ ತೆಗೆದುಕೊಂಡದ್ದೂ ಅಲ್ಲ. ಮೊದಲು ಅವನೂ ಮೋಟಾರಿನ ಗುಂಪಿನಲ್ಲಿ ಚಿತ್ರ ಬಿಡಿಸುತ್ತಿದ್ದವನೇ. ‘ನಿಂತಿದೆ’ ಎಂಬ ಚೌಕವನ್ನು ಹುಟ್ಟಿಸಿದವನು ಅವನೇ. ಒಮ್ಮೆ ಯಾರಿಗೂ ಸೇರಿಸಲಾಗದ ಎರಡು ಕಾಪಿಗಳನ್ನು ಕೂತು ಸೇರಿಸಿಕೊಟ್ಟ. ಅಷ್ಟೇ ತಪ್ಪಾದದ್ದು. ಒಂದು ಸಲ ಪಾತ್ರೆ ತೊಳೆದುಕೊಟ್ಟವನ ಮುಂದೆಯೇ ಎಲ್ಲರ ತಟ್ಟೆಯೂ ಬಂದು ಬೀಳುತ್ತದೆ. ಬರುಬರುತ್ತಾ ಅವನ ಕೈಯಿಂದ ಹೊಸದೊಂದು ಚೌಕ ಬರುವುದು ನಿಂತೇ ಹೋಯಿತು. ಬೆಳಗಾದರೆ ಯಾರದೋ ಸಿಕ್ಕು, ಸಂಜೆಯಾದರೆ ಇನ್ಯಾರದೋ ಗಂಟು.

ಮನೆಯಲ್ಲಿ ಅಮ್ಮ ಒಮ್ಮೆ ಕೇಳಿದ್ದಳು, “ಅಲ್ಲ ಕಣೋ, ಅಷ್ಟು ವರ್ಷದಿಂದ ಹೋಗ್ತೀಯ, ಅಲ್ಲಿ ನೀನು ಮಾಡೋದಾದ್ರೂ ಏನು?”

“ಬೇರೆಯವರು ತುಂಡು ತುಂಡು ಮಾಡಿ ತಂದಿದ್ದನ್ನ ನಾನು ಸೇರಿಸಿ ಕೊಡ್ತೀನಮ್ಮ.”

“ದರ್ಜಿ ಕೆಲಸಾನಾ? ಅದಕ್ಕೆ ಇಷ್ಟು ಓದಬೇಕಿತ್ತಾ?” ಎಂದಿದ್ದಳು ಅಮ್ಮ. ಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ಅವನಿಗೆ ಕೇಳಿಸಿತು.

ಅವನಿಗೆ ದಿನವೂ ತಲೆ ಬಿಸಿ ಮಾಡುತ್ತಿದ್ದವರು ಇಬ್ಬರು. ಒಬ್ಬಳು ಮೋಟಾರಿನ ಗುಂಪಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಮೋಟಾರ್ ಮೇಡಂ. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಒಂದು ಕಾಪಿ ತೆಗೆದುಕೊಂಡು ಹೋದಳೆಂದರೆ ತಿಂಗಳುಗಟ್ಟಲೆ ಪತ್ತೆ ಇಲ್ಲ. ಅಷ್ಟರಲ್ಲಿ ಉಳಿದವರು ಮೂಲದಲ್ಲಿ ಏನೇನೋ ಬದಲಾಯಿಸಿರುತ್ತಿದ್ದರು. “ನನ್ನ ಕೆಲಸ ಪೂರ್ತಿ ಆಗದೆ ತಂದುಕೊಟ್ಟರೆ ನಿಮಗೇ ಕಷ್ಟ ಸಿಕ್ಕಣ್ಣ” ಎಂದು ತನ್ನ ಉಪಕಾರವನ್ನು ನೆನಪಿಸುತ್ತಿದ್ದಳು. ಇನ್ನೊಬ್ಬ ಬಾಗಿಲಿನ ಗುಂಪಿನವನು. ಅವನ ಮೇಜಿನ ಮೇಲೆ ಪೆನ್ನುಗಳು ಕೂಡ ಉದ್ದದ ಪ್ರಕಾರ ಮಲಗಿರುತ್ತಿದ್ದವು; ಹಾಗಾಗಿ ನೀಟಪ್ಪ. ಮಾಡೆಲ್ ತೆರೆದನೆಂದರೆ ಮೊದಲು ಅವನು ಮಾಡುತ್ತಿದ್ದುದು ಚೌಕಗಳನ್ನೆಲ್ಲ ಒಂದು ಸಾಲಿಗೆ ತಂದು ನಿಲ್ಲಿಸುವ ಕೆಲಸ.

“ಅದನ್ನ ಯಾಕಪ್ಪ ಮುಟ್ಟಿದೆ? ಅದು ನಿನ್ನದಲ್ಲವಲ್ಲ?” ಎಂದು ಸಿಕ್ಕಣ್ಣ ಕೇಳಿದರೆ, “ಸ್ವಲ್ಪ ಸೊಟ್ಟಗಿತ್ತು ಸರ್, ಕಣ್ಣಿಗೆ ಚುಚ್ಚೋದು” ಎನ್ನುತ್ತಿದ್ದ.

ಅವನ ಕಣ್ಣಿಗೆ ಚುಚ್ಚಿದ್ದು ಸಿಕ್ಕಣ್ಣನ ಇಡೀ ದಿನವನ್ನು ನುಂಗುತ್ತಿತ್ತು.

ಸೋಮವಾರದ ಸಭೆಗಳಲ್ಲಿ ಸಿಕ್ಕಣ್ಣ ಬೇಡಿಕೊಂಡದ್ದು ಒಂದೆರಡು ಸಲವಲ್ಲ. ಈ ದೊಡ್ಡ ಚಿತ್ರವನ್ನು ಒಡೆಯೋಣ, ಒಂದೊಂದು ತುಂಡಿಗೆ ಒಬ್ಬೊಬ್ಬರು ಜವಾಬ್ದಾರರಾಗಲಿ. ತಿದ್ದಿದ್ದನ್ನು ಅಂದಂದೇ ವಾಪಸು ತರಲಿ. ಸಾಲುಗಳನ್ನು ಬಿಟ್ಟು ಚಿತ್ರವನ್ನೇ ಅಕ್ಕಪಕ್ಕ ಇಟ್ಟು ಹೋಲಿಸುವ ಸಾಧನ ಬಂದಿದೆ, ತರಿಸಿಕೊಡಿ. ಮ್ಯಾನೇಜರು ಪ್ರತಿಸಲವೂ ಗಂಭೀರವಾಗಿ ತಲೆದೂಗಿ, “ಒಳ್ಳೆ ಮಾತು. ಈ ಡೆಲಿವರಿ ಒಂದು ಮುಗಿದುಬಿಡಲಿ” ಎನ್ನುತ್ತಿದ್ದರು. ಡೆಲಿವರಿ ಎಂಬುದು ಮುಗಿಯುವ ಜಾತಿಯದ್ದೇ ಅಲ್ಲ. ಒಂದು ಹೋದರೆ ಅದರ ಬಾಲ ಹಿಡಿದುಕೊಂಡು ಇನ್ನೊಂದು ಬರುತ್ತಿತ್ತು. ಸಿಕ್ಕಣ್ಣನ ಮಾತು ಗೋರ್ಕಲ್ಲ ಮೇಲೆ ಸುರಿದ ಮಳೆಯಾಯಿತು.

ಆ ವರ್ಷ ಕಂಪನಿ ಹೊಸ ಯಂತ್ರವೊಂದನ್ನು ತರುವುದರಲ್ಲಿತ್ತು. ಒಗೆಯುವುದರ ನಡುವೆಯೇ ನಿಲ್ಲಿಸಿ, ಬಾಗಿಲು ತೆರೆದು, ಮರೆತುಹೋದ ಕಾಲುಚೀಲವನ್ನು ಒಳಗೆ ಹಾಕಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಹಳೆಯ ಯಂತ್ರಗಳಲ್ಲಿ ‘ನಿಂತಿದೆ’ ಎಂದರೆ ತಿರುಗುವುದೂ ನಿಂತಿದೆ, ನೀರೂ ಪೂರ್ತಿ ಹೋಗಿದೆ ಎಂದು ಅರ್ಥ. ಈಗ ನೀರು ಇರುವಾಗಲೇ ನಿಲ್ಲಿಸಬೇಕಲ್ಲ. ಹಾಗಾಗಿ ನೀಟಪ್ಪ ತನ್ನ ಕಾಪಿಯಲ್ಲಿ ಆ ಚೌಕವನ್ನು ಎರಡು ಮಾಡಿದ. ‘ನಿಂತಿದೆ’ ಎಂದರೆ ತಿರುಗುವುದು ಮಾತ್ರ ನಿಂತಿದೆ. ನೀರು ಹೋದ ಮೇಲಿನ ಸ್ಥಿತಿಗೆ ‘ಖಾಲಿ’ ಎಂಬ ಹೊಸ ಚೌಕ. ಕಾಲುಚೀಲ ಹಾಕುವುದಕ್ಕೆ ಚಿಲಕ ಬಿಡುವ ಮುನ್ನ ನೀರು ಬಾಗಿಲಿನ ಅಂಚಿಗಿಂತ ಕೆಳಗಿದೆಯೇ ಎಂದು ನೋಡುವ ಏರ್ಪಾಡನ್ನೂ ಮಾಡಿದ. ಅವನ ಮಟ್ಟಿಗೆ ಎಲ್ಲ ಸರಿ.

ಅದೇ ಹೊತ್ತಿಗೆ ಮೋಟಾರ್ ಮೇಡಂ ತನ್ನ ಹಳೆಯ ಕಾಪಿಯಲ್ಲಿ ಕರೆಂಟು ಉಳಿಸುವ ಕೆಲಸದಲ್ಲಿದ್ದಳು. ಒಗೆದು ಮುಗಿದ ಮೇಲೂ ಚಿಲಕ ಸುಮ್ಮನೆ ಕರೆಂಟು ತಿನ್ನುತ್ತಾ ಕೂತಿರುತ್ತದೆ, ಯಾಕೆ? ‘ನಿಂತಿದೆ’ ಚೌಕದಲ್ಲಿ ಸ್ವಲ್ಪ ಹೊತ್ತು ಕಳೆದರೆ ಚಿಲಕದ ಕರೆಂಟು ಕಡಿದುಬಿಡು ಎಂದು ಒಂದು ಬಾಣ ಎಳೆದಳು. ಕರೆಂಟು ಹೋದರೆ ಚಿಲಕ ತಾನಾಗಿ ಬಿಟ್ಟುಕೊಳ್ಳುತ್ತದೆ. ಅವಳ ಮಟ್ಟಿಗೂ ಎಲ್ಲ ಸರಿ. ಅವಳಿಗೆ ಗೊತ್ತಿದ್ದ ‘ನಿಂತಿದೆ’ಯಲ್ಲಿ ನೀರು ಇರುವ ಪ್ರಶ್ನೆಯೇ ಇರಲಿಲ್ಲ.

ಎರಡೂ ಕಾಪಿಗಳು ಸಿಕ್ಕಣ್ಣನ ಮೇಜಿಗೆ ಒಂದೇ ದಿನ ಬಂದವು. ಮಾರನೆಯ ದಿನ ವ್ಯಾಪಾರಿಗಳ ಮುಂದೆ ಪ್ರದರ್ಶನ. ನೀಟಪ್ಪ ಎಂದಿನಂತೆ ಚೌಕಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಪರದೆ ಮೇಲಿಂದ ಕೆಳಗಿನವರೆಗೆ ಕೆಂಪು. ಸಿಕ್ಕಣ್ಣ ಊಟಕ್ಕೂ ಏಳದೆ ಒಂದೊಂದೇ ಸಾಲು ನೋಡಿ, ಇದು ಬರೀ ಸರಿಸಿದ್ದು, ಇದೂ ಬರೀ ಸರಿಸಿದ್ದು ಎಂದು ಒಪ್ಪಿಕೊಳ್ಳುತ್ತಾ ಹೋದ. ಆ ರಾಶಿಯಲ್ಲೇ ಎಲ್ಲೋ ‘ನಿಂತಿದೆ’ಯ ಅರ್ಥ ಬದಲಾದ ಸಾಲೂ ಇತ್ತು. ಅದೂ ಸರಿಸಿದ್ದರ ಜೊತೆ ಹೊರಟುಹೋಯಿತು. ಆಮೇಲೆ ಮೇಡಂನ ಕಾಪಿ ತೆರೆದ. ತಿಂಗಳುಗಳ ಕೆಲಸ, ಎದೆ ಗಟ್ಟಿಮಾಡಿಕೊಂಡು ತೆರೆದರೆ ಒಂದೂ ಕೆಂಪಿಲ್ಲ. ಅವಳು ಎಳೆದ ಹೊಸ ಬಾಣ ಯಾರೂ ಮುಟ್ಟದ ಜಾಗದಲ್ಲಿತ್ತು. ಅವನು ಅದನ್ನು ನೋಡಿದ ಕೂಡ. ನಿಂತಮೇಲೆ ಚಿಲಕ ಬಿಟ್ಟರೆ ಏನಂತೆ ಎಂದುಕೊಂಡ. ಅವನ ತಲೆಯಲ್ಲೂ ಇದ್ದುದು ಹಳೆಯ ‘ನಿಂತಿದೆ’ಯೇ, ತಾನೇ ಹುಟ್ಟಿಸಿದ್ದು. ಒಪ್ಪಿಗೆ ಒತ್ತಿದ. ಹಸಿರು.

ಪ್ರದರ್ಶನ ನೆಲಮಹಡಿಯ ಗಾಜಿನ ಕೋಣೆಯಲ್ಲಿ. ಮುಂದಿನ ಸಾಲಿನಲ್ಲಿ ವ್ಯಾಪಾರಿಗಳು, ಎದುರಿಗೆ ಎತ್ತರದ ಕಟ್ಟೆಯ ಮೇಲೆ ಹೊಸ ಯಂತ್ರ. ಗಾಜಿನ ದುಂಡು ಬಾಗಿಲಿನ ಆಚೆ ಟವೆಲುಗಳು ನೊರೆಯಲ್ಲಿ ಹೊರಳುತ್ತಿದ್ದವು, ನೀರು ಗಾಜಿನ ಅರ್ಧದವರೆಗೆ. ಮ್ಯಾನೇಜರು ಕೈಯಲ್ಲಿ ಒಂದು ಕಾಲುಚೀಲ ಹಿಡಿದು, “ನೋಡಿ, ಯಾವಾಗ ಬೇಕಾದರೂ ನಿಲ್ಲಿಸಬಹುದು” ಎಂದು ಗುಂಡಿ ಒತ್ತಿದರು. ಟವೆಲುಗಳು ನಿಂತವು. ಸರಿ, ಅಲ್ಲೇ ನೀರು ಇಳಿಸಿ ಕಾಲುಚೀಲ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದುರಿಗೆ ಅಷ್ಟು ಜನ ಸುಮ್ಮನೆ ಕೂತಿರುವುದನ್ನು ಕಂಡು ಅವರಿಗೆ ಮಾತಾಡುವ ಹುಮ್ಮಸ್ಸು ಬಂತು. ಯಂತ್ರದ ತಲೆಯ ಮೇಲೆ ಮೊಣಕೈ ಊರಿ ಕಂಪನಿಯ ಚರಿತ್ರೆ ಶುರುಮಾಡಿದರು. ಮೊದಲ ಕಾರ್ಖಾನೆಯಿಂದ ಎರಡನೇ ಕಾರ್ಖಾನೆಗೆ ಬರುವಷ್ಟರಲ್ಲಿ ಚಿಲಕ ‘ಟಕ್’ ಎಂದಿತು. ಸಿಕ್ಕಣ್ಣ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಆ ಸದ್ದು ಕೇಳಿದ ಕೂಡಲೇ ಅವನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಬಾಯಿ ತೆರೆದ, ಅಷ್ಟರಲ್ಲಿ ನೀರೇ ಬಾಗಿಲು ತೆರೆದಿತ್ತು.

ನೊರೆನೀರು, ಟವೆಲುಗಳು, ಮುಂದಿನ ಸಾಲಿನವರ ಬೂಟುಗಳು. ಒಬ್ಬರು ಕುರ್ಚಿಯ ಮೇಲೆ ಹತ್ತಿ ನಿಂತರು. ಕಾಲುಚೀಲ ಇನ್ನೂ ಮ್ಯಾನೇಜರ ಕೈಯಲ್ಲೇ ಇತ್ತು.

ಮಧ್ಯಾಹ್ನದ ಸಭೆಗೆ ಮ್ಯಾನೇಜರು ಮೊಣಕಾಲಿನವರೆಗೆ ಒದ್ದೆಯಾದ ಪ್ಯಾಂಟಿನಲ್ಲೇ ಬಂದು ಕೂತರು. ನೀಟಪ್ಪ ತನ್ನ ಕಾಪಿ ತೋರಿಸಿದ, ಅದರಲ್ಲಿ ತಪ್ಪಿಲ್ಲ. ಮೇಡಂ ತನ್ನದು ತೋರಿಸಿದಳು, ಅದರಲ್ಲೂ ತಪ್ಪಿಲ್ಲ.

“ಇಬ್ಬರದೂ ಸರಿ ಇದೆ ಅಂದ್ರೆ, ತಪ್ಪು ಸೇರಿಸೋವಾಗ ಬಂದಿದೆ ಅಂತ ತಾನೆ?” ಎಂದು ಮ್ಯಾನೇಜರು ಸಿಕ್ಕಣ್ಣನತ್ತ ತಿರುಗಿದರು. “ನೀವು ನೋಡಲಿಲ್ವಾ?”

“ನೋಡಿದೆ ಸರ್. ಇವರು ಒಂದು ಮಾತಿಗೆ ಅರ್ಥ ಬದಲಾಯಿಸಿದ್ದು ಅವರಿಗೆ ಗೊತ್ತಿಲ್ಲ. ಅವರು ಹಳೇ ಅರ್ಥದ ಮೇಲೆ ಮನೆ ಕಟ್ಟಿದ್ದು ಇವರಿಗೆ ಗೊತ್ತಿಲ್ಲ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಗಾಡಿ ಮುರಿದಿದ್ದಕ್ಕೆ ನೊಗ ಕಟ್ಟಿದವನನ್ನ ಕೇಳ್ತಿದ್ದೀರಿ.”

“ಕೋಣ ಯಾರು?” ಎಂದಳು ಮೇಡಂ.

“ಹಸಿರು ತಾನೇ ಬಂದಿತ್ತು?” ಎಂದರು ಮ್ಯಾನೇಜರು.

ಆಗ ಸಿಕ್ಕಣ್ಣನಿಗೆ ರೇಗಿತು. ಎಷ್ಟು ಸೋಮವಾರಗಳಿಂದ ಹೇಳುತ್ತಿದ್ದೇನೆ, ಹಸಿರು ಅಂದರೆ ಇಬ್ಬರ ಕೈ ತಾಗಲಿಲ್ಲ ಅಂತ ಅರ್ಥವೇ ಹೊರತು ಇಬ್ಬರ ಮಾತು ಕೂಡಿತು ಅಂತಲ್ಲ, ಯಾರಾದರೂ ಒಬ್ಬರು ಕೇಳಿಸಿಕೊಂಡಿರಾ ಎಂದು ಮೇಜು ಗುದ್ದಿ, ನೀರಿನ ಲೋಟ ಉರುಳಿಸಿ, ಎದ್ದು ನಡೆದ. ಒಂದೇ ದಿನ ಎರಡನೇ ಸಲ ಮ್ಯಾನೇಜರ ಮೇಲೆ ನೀರು ಬಿದ್ದದ್ದು ಅವನಿಗೆ ಗೊತ್ತಾದದ್ದು ಮಾರನೆಯ ದಿನ.

ನೆಲಮಹಡಿಯಲ್ಲಿ, ಯಂತ್ರಗಳನ್ನು ಸಾಲಾಗಿ ಓಡಿಸಿ ಪರೀಕ್ಷಿಸುವ ಅಕ್ಕ ಗಾಜಿನ ಕೋಣೆಯ ನೀರು ಒರೆಸುತ್ತಿದ್ದಳು.

“ಕಾಲು ಎತ್ತು ಸಿಕ್ಕಣ್ಣ” ಎಂದಳು. ಎತ್ತಿದ. “ನಮ್ಮನ್ನೂ ಕೇಳಿದ್ರು, ಪರೀಕ್ಷೆಲಿ ಯಾಕೆ ಸಿಗಲಿಲ್ಲ ಅಂತ. ನಾವು ನಿಲ್ಲಿಸ್ತೀವಿ, ಸಾಕ್ಸ್ ಹಾಕ್ತೀವಿ, ಓಡಿಸ್ತೀವಿ. ಸಾಹೇಬರ ಭಾಷಣದಷ್ಟು ಉದ್ದದ ಪರೀಕ್ಷೆ ನಮ್ಮ ಹತ್ರ ಇರಲಿಲ್ಲಪ್ಪ ಅಂದೆ.”

ಬೇರೆ ದಿನವಾಗಿದ್ದರೆ ಅವನು ಹೊಟ್ಟೆ ಹಿಡಿದು ನಗುತ್ತಿದ್ದ.

ಮನೆಗೆ ಬಂದು ಅಮ್ಮನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದ. ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದಳು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಳು. ಅವನು ಎಲ್ಲ ಹೇಳಿಕೊಂಡ, ಹೇಳಿದ್ದನ್ನೇ ಮೂರು ಸಲ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡೇ, “ಬಿಟ್ಟುಬಿಡ್ರೀ ಹಾಗಾದ್ರೆ” ಎಂದಳು.

“ಕೆಲಸಾನಾ? ಬಿಟ್ಟು?”

“ಕೆಲಸ ಅಲ್ಲ. ಸೇರಿಸೋದನ್ನ ಬಿಡಿ. ನೀವು ಸೇರಿಸಿಕೊಡ್ತಾ ಇರೋವರೆಗೂ ಅವರಿಗೇನು ಬಂದಿದೆ ಕಷ್ಟ? ಆ ಟವೆಲ್ ಸ್ವಲ್ಪ ಕೊಡಿ.”

ಅವಳಿಗೆ ನಿದ್ದೆ ಬರುತ್ತಿತ್ತು, ಮಾತು ಮುಗಿಸಬೇಕಿತ್ತು, ಅಷ್ಟೇ. ಆದರೆ ಸಿಕ್ಕಣ್ಣನ ಮನಸ್ಸಿನಲ್ಲಿ ಅದು ಬೇರೂರಿತು. ಮಾರನೆಯ ದಿನ ಎಲ್ಲರಿಗೂ ಒಂದು ಸಂದೇಶ ಕಳಿಸಿದ. ಇನ್ನು ಮುಂದೆ ತಾನೊಬ್ಬನೇ ಕೂತು ಮರ್ಜ್ ಮಾಡುವುದಿಲ್ಲ. ಯಾರ ಯಾರ ಕಾಪಿ ಸೇರಬೇಕೋ ಅವರೆಲ್ಲ ಬಂದು ತನ್ನ ಪಕ್ಕ ಕೂರಬೇಕು.

ಮ್ಯಾನೇಜರು ಧಾವಿಸಿ ಬಂದರು. “ಇದೇನು, ಮುಷ್ಕರಾನಾ?”

“ಅಲ್ಲ ಸರ್, ಕೆಲಸಾನೇ. ಎರಡು ಕುರ್ಚಿ ಜಾಸ್ತಿ ಬೇಕು ಅಷ್ಟೆ.”

ಆ ವಾರವೆಲ್ಲ ಯಾರೂ ಬರಲಿಲ್ಲ. ಕಾಪಿಗಳು ಬಂದು ಬಂದು ಬಿದ್ದವು. ಹೊಸ ಪ್ರೋಗ್ರಾಂ ಹುಟ್ಟಲಿಲ್ಲ. ಪರೀಕ್ಷೆಯ ಯಂತ್ರಗಳು ಹಳೆಯದನ್ನೇ ಓಡಿಸುತ್ತಾ ನಿಂತವು. ಊಟದ ಮೇಜಿನಲ್ಲಿ ಜನ ಅವನ ಪಕ್ಕ ಕೂರುವುದು ಬಿಟ್ಟರು. ತಾನು ಮಾಡುತ್ತಿರುವುದು ಹಟವೋ ಕೆಲಸವೋ ಎಂದು ಅವನಿಗೇ ಅನುಮಾನ ಬಂತು. ಕೈ ತುರಿಸುತ್ತಿತ್ತು; ಸುಮ್ಮನೆ ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಎರಡು ಸಲ ಫೈಲು ತೆರೆದು, ಎರಡು ಸಲ ಮುಚ್ಚಿದ.

ಮೋಟಾರ್ ಮೇಡಂ ಹಾಗೆಲ್ಲ ಸೋಲುವವಳಲ್ಲ. ತಾನೇ ಸೇರಿಸುತ್ತೇನೆ ಎಂದು ತನ್ನ ಮೇಜಿನಲ್ಲಿ ಕೂತಳು. ಅರ್ಧ ದಿನ ಕಳೆದ ಮೇಲೆ ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಬಂದಳು. ಹಿಂದೆ ನೀಟಪ್ಪನನ್ನೂ ಕರೆದುಕೊಂಡು ಬಂದಿದ್ದಳು, ಕರೆದುಕೊಂಡು ಅನ್ನುವುದಕ್ಕಿಂತ ಹಿಡಿದುಕೊಂಡು.

“ಈ ಮಹಾನುಭಾವ ಎಲ್ಲಾ ಚೌಕಾನೂ ಸರಿಸಿದ್ದಾನೆ! ಯಾವುದು ನಿಜವಾದ ಬದಲಾವಣೆ ಅಂತ ಹುಡುಕೋದು ಹೇಗೆ?” ಎಂದಳು.

“ಅದನ್ನೇ ನಾನು ದಿನಾ ಹುಡುಕ್ತಿದ್ದೆ ಮೇಡಂ. ಕೂತ್ಕೊಳ್ಳಿ.”

ಕೂತರು. ‘ನಿಂತಿದೆ’ಗೆ ಬರುತ್ತಿದ್ದಂತೆ ಜಗಳ ಹತ್ತಿತು.

“ಅದು ನಮ್ಮ ಚೌಕ. ನಮ್ಮನ್ನ ಕೇಳದೆ ಅದರ ಅರ್ಥ ಬದಲಾಯಿಸೋಕೆ ನೀನ್ಯಾರು?”

“ಕೇಳೋಣ ಅಂದ್ರೆ ನಿಮ್ಮ ಕಾಪಿ ಎಲ್ಲಿದೆ ಅಂತಾನೇ ಗೊತ್ತಿರಲಿಲ್ಲ ಮೇಡಂ. ನಿಂತಿದೆ ಅಂದ್ರೆ ನಿಂತಿದೆ. ಅದರಲ್ಲಿ ನೀರು ಹೋಗಿದೆ ಅಂತ ಎಲ್ಲಿ ಬರೆದಿದೆ?”

ಇಬ್ಬರೂ ಸಿಕ್ಕಣ್ಣನ ಮುಖ ನೋಡಿದರು. ಎಲ್ಲಿಯೂ ಬರೆದಿರಲಿಲ್ಲ. ಹುಟ್ಟಿಸಿದವನ ತಲೆಯಲ್ಲಿತ್ತು, ಅವನ ಜೊತೆ ಕೆಲಸ ಮಾಡಿದವರ ತಲೆಯಲ್ಲಿತ್ತು. “ಬರೆದಿಲ್ಲ. ನಾನೇ ಬರೆಯಬೇಕಿತ್ತು” ಎಂದ. ಅಷ್ಟು ದಿನ ಬೇರೆಯವರ ಮೇಲೆ ಉರಿಯುತ್ತಿದ್ದವನಿಗೆ ಆ ಕ್ಷಣ ತನ್ನ ಮೇಲೂ ಉರಿಯಿತು.

ನೀರಿನವರನ್ನೂ ಕರೆಸಿ ಹುಡುಕುತ್ತಾ ಹೋದರೆ ಅಂಥ ಮಾತುಗಳು ಇನ್ನೂ ಇದ್ದವು. ‘ತುಂಬಿದೆ’ ಎಂದರೆ ನೀರಿನವರಿಗೆ ಒಂದು, ಮೋಟಾರಿನವರಿಗೆ ಇನ್ನೊಂದು. ‘ಮುಗಿದಿದೆ’ ಎಂಬುದಕ್ಕಂತೂ ಗುಂಪಿಗೊಂದು ಅರ್ಥ. ಎಲ್ಲ ಕಾಪಿಗಳೂ ಕೂಡುವಷ್ಟರಲ್ಲಿ ವಾರ ಕಳೆಯಿತು. ಕೂಗಾಡಿ ಎಲ್ಲರ ಗಂಟಲೂ ಕಟ್ಟಿತ್ತು.

ಅದಾದ ಮೇಲೆ ಕೆಲವು ಬದಲಾವಣೆಗಳು ಬಂದವು, ಮ್ಯಾನೇಜರು ಡೆಲಿವರಿ ಮುಗಿಯುವುದನ್ನು ಕಾಯದೆಯೇ ಒಪ್ಪಿದರು. ಮಾಡೆಲ್ ಒಡೆದು ತುಂಡುಗಳಾದವು, ತುಂಡಿಗೊಬ್ಬರು ಹೊಣೆಗಾರರು. ಎಲ್ಲರೂ ಬಳಸುವ ಚೌಕಗಳು ಪ್ರತ್ಯೇಕವಾಗಿ ಒಂದು ಕಡೆ, ಪ್ರತಿಯೊಂದರ ಕೆಳಗೂ ಅದರ ಅರ್ಥ. ಅದನ್ನು ಮುಟ್ಟಬೇಕಾದರೆ ಮೂರು ಗುಂಪಿನವರೂ ಒಪ್ಪಬೇಕು. ಚಿತ್ರ ಹೋಲಿಸುವ ಸಾಧನವೂ ಬಂತು. ಈಗ ಸರಿಸಿದ್ದು ಬೇರೆ, ಬದಲಾದದ್ದು ಬೇರೆ ಕಾಣುತ್ತಿತ್ತು. ನೀಟಪ್ಪ ತನ್ನ ತುಂಡನ್ನು ಮಾತ್ರ ಮನಸೋ ಇಚ್ಛೆ ಸಾಲು ಮಾಡಿಕೊಂಡ. ಯಂತ್ರ ಸ್ವಲ್ಪ ತಡವಾಗಿ ಮಾರುಕಟ್ಟೆಗೆ ಹೋಯಿತು. ಚೆನ್ನಾಗಿಯೇ ಓಡಿತು. ಸಿಕ್ಕಣ್ಣನಿಗೆ ಯಾರೂ ಶಾಲು ಹೊದಿಸಲಿಲ್ಲ. ಆದರೆ ಹೊಸ ಚೌಕ ಬಿಡಿಸುವುದಕ್ಕೆ ಅವನಿಗೆ ಬಿಡುವು ಸಿಗತೊಡಗಿತು.

ಇಷ್ಟಾಗಿ ನೆಮ್ಮದಿ ಬಂತೇ ಎಂದರೆ, ಇಲ್ಲ. ಕೆಲವೇ ತಿಂಗಳಲ್ಲಿ ಒಂದು ಬೆಳಗ್ಗೆ ಮೋಟಾರಿನವರ ತುಂಡು ತೆರೆದರೆ ಒಂದು ಮೂಲೆಯಲ್ಲಿ ಹೊಸ ಚೌಕ. ಹೆಸರು, ‘ನಿಂತಿದೆ-ನಮ್ಮದು’. ಸಿಕ್ಕಣ್ಣ ಎದ್ದು ಹೋಗಿ ಮೇಡಂನ ಮೇಜಿನ ಮುಂದೆ ನಿಂತ.

“ಇದೇನು ಮೇಡಂ?”

“ತಾತ್ಕಾಲಿಕ ಸಿಕ್ಕಣ್ಣ. ಮೂರು ಗುಂಪಿನ ಒಪ್ಪಿಗೆ ಅಂತ ಕಾಯ್ತಾ ಕೂತ್ರೆ ಕೆಲಸ ಆಗಲ್ಲ.”

“ಎಲ್ಲರಿಗೂ ಸೇರಿದ್ದರಲ್ಲಿ ‘ನಮ್ಮದು’ ಅಂತ ಒಂದು ಶುರುವಾದ್ರೆ...”

“ಗೊತ್ತು, ಗೊತ್ತು. ಮತ್ತೆ ಎತ್ತು ಕೋಣ ಅನ್ಬೇಡಿ.”

ಅರ್ಧ ಗಂಟೆ ಕಿತ್ತಾಡಿದರು. ಅಕ್ಕಪಕ್ಕದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಮಧ್ಯಾಹ್ನದೊಳಗೆ ಆ ಚೌಕ ಹೋಯಿತು. ಮುಂದಿನ ವಾರ ನೀರಿನವರ ತುಂಡಿನಲ್ಲಿ ‘ತುಂಬಿದೆ-ಹೊಸದು’ ಎಂಬುದೊಂದು ಕಾಣಿಸಿತು. ಸಿಕ್ಕಣ್ಣ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೀರಿನವರ ಕಡೆಗೆ ನಡೆದ.